ಕೆರೆಯ ಸೊಪ್ಪೂ ನಿಜವಾದ ಮೈಲಿಗೆಯೂ

ಕೆರೆ ಅಂಚಿನ ಹೊನಗೊನ್ನೆ ಸೊಪ್ಪಿಗೆ ಕಂದಾಯವಿಲ್ಲ, ಒಡೆಯನಿಲ್ಲ. ಭೂಮಿ ಇಲ್ಲದ ನಮ್ಮ ಕೇರಿಗಳ ಸಾರಿಗೆ ಅದೇ ಆಧಾರ. ಈಗ ಬಲ್ಲವರು ಹೇಳ್ತಾರೆ: ಕೊಳಚೆ ನೀರಿನ ಸೊಪ್ಪು ತಿನ್ನಬೇಡಿ. ಮಾತು ಸುಳ್ಳಲ್ಲ. ಎಲೆಯ ಮೇಲೆ ಕೂತ ಕೀಟನಾಶಕ ತೊಳೆದರೆ ಒಂದಿಷ್ಟಾದರೂ ಹೋದೀತು. ಬೇರು ಹೀರಿಕೊಂಡ ಸೀಸ, ಕ್ಯಾಡ್ಮಿಯಂ ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಸೀಸ ಮಕ್ಕಳ ಮಿದುಳನ್ನೇ ಕೆಡಿಸುತ್ತದೆ.

ಆದರೆ ನಾವು ಕೇಳೋದು ಇಷ್ಟು: ಈ ನೀತಿಪಾಠ ಯಾರಿಗೆ? ಕೊಳಚೆ ಬಿಟ್ಟೂ ಬಿಟ್ಟೂ 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿತು. ಬಿಡುವವರಿಗೆ ಗಡುವಿನ ಮೇಲೆ ಗಡುವು. ಸೊಪ್ಪು ಕೀಳುವ ಹೆಂಗಸಿಗೆ ಇವತ್ತೇ ಬುದ್ಧಿವಾದ.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದಾಗ, ಕೆರೆ ಮೈಲಿಗೆಯಾಯಿತೆಂದು ಮೇಲ್ಜಾತಿಯವರು ಸಗಣಿ ಗಂಜಲ ಸುರಿದು 'ಶುದ್ಧ' ಮಾಡಿದರು. ಮನುಷ್ಯರ ಬೊಗಸೆಗೆ ಹೇಸಿದ ಸಮಾಜ ಕಾರ್ಖಾನೆಯ ಕೊಳವೆಗೆ ಹೇಸುವುದಿಲ್ಲ.

ವಿಷವೆಂದು ಗೊತ್ತಿದ್ದೂ ತಿನ್ನುವವರದು ತಪ್ಪೇ? ಸಂತೆಯಲ್ಲಿ ಕೊಳ್ಳಲು ಕಾಸಿಲ್ಲದವರಿಗೆ ಆಯ್ಕೆ ಎಲ್ಲಿದೆ? ಆಯ್ಕೆ ಯಾರ ಕೈಲಿದೆಯೋ ಹೊಣೆಯೂ ಅವರದೇ. ಹಾಗಂತ ನಾವು ಕೈಕಟ್ಟಿ ಕೂರುವಂತಿಲ್ಲ. ಮೇಷ್ಟ್ರೇ, ಗೆಳೆಯರೇ, ಮಕ್ಕಳಿಗೆ ಸೊಪ್ಪಿನ ಹೆಸರು ಕಲಿಸುವಾಗ ಆ ನೀರು ಯಾರ ಗೇಟಿನಿಂದ ಬಂತು ಅನ್ನೋದನ್ನೂ ತೋರಿಸಿ. ನೀರು, ಮಣ್ಣು, ಸೊಪ್ಪು ಮೂರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರೆಸಿ ಅಂತ ಒಟ್ಟಾಗಿ ಕೇಳೋಣ. ಕೆರೆಯ ನೀರು ಮುಟ್ಟುವ ಹಕ್ಕಿಗೆ ಹೋರಾಡಿದವರು ನಾವು. ಮುಟ್ಟಿದರೆ ಸಾಯದಂಥ ನೀರೂ ನಮ್ಮ ಹಕ್ಕೇ.