ಮೊದಲು ಒಂದು ವಿದ್ಯೆ ಕೈಗೆ ಹತ್ತಲಿ

ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದುಕೊಂಡ ಕನ್ನಡದ ಯಾತ್ರಿಕರು ಗಂಗೆಯ ಕಡೆ ಹೊರಟರೆ ಬಹುಮಟ್ಟಿಗೆ ಬಂಗಾಲಿ ಟೋಲಾದ ಗಲ್ಲಿಗಳನ್ನು ಹಾದೇ ಹೋಗುತ್ತಾರೆ. ದಶಾಶ್ವಮೇಧ ಘಾಟಿನ ದಕ್ಷಿಣಕ್ಕಿರುವ ಈ ಕೇರಿಯಲ್ಲಿ ಬಂಗಾಳಿ ಕುಟುಂಬಗಳು ತಲೆತಲಾಂತರದಿಂದ ನೆಲೆಸಿವೆ. ಎದುರಿಗೆ ಹಸುವೊಂದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಇಲ್ಲಿ ಬಂಗಾಲಿ ಟೋಲಾ ಹೈಸ್ಕೂಲ್ ಎಂಬ ಹಳೆಯ ಶಾಲೆಯೊಂದಿತ್ತು. ಈಗ ಅದು ಇಂಟರ್ ಕಾಲೇಜು. 1927–28ರಲ್ಲಿ ಆ ಶಾಲೆಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಮುಂದೆ ಪಂಡಿತ್ ರವಿಶಂಕರ್ ಎಂದು ಲೋಕಕ್ಕೆ ಪರಿಚಯವಾದ.

3ಡಿ ಅನಿಮೇಷನ್ ಕಲಿಯುವ ನಮ್ಮ ಮಕ್ಕಳ ಮುಂದೆ ನಾನು ಈ ಹುಡುಗನ ಬದುಕನ್ನು ಇಡಲು ಬಯಸುತ್ತೇನೆ. ಕಾರಣ ಎರಡು. ಒಂದು, ಅನಿಮೇಷನ್ ಇತಿಹಾಸದಲ್ಲೇ ಅವರಿಗೆ ಒಂದು ಜಾಗವಿದೆ. ಅದನ್ನು ಆಮೇಲೆ ಹೇಳುತ್ತೇನೆ. ಎರಡು, ಹದಿನೆಂಟನೆಯ ವಯಸ್ಸಿನಲ್ಲಿ ಅವರು ಮಾಡಿದ ಒಂದು ತೀರ್ಮಾನ, ಇವತ್ತು ಪಿಯುಸಿ ಮುಗಿಸಿ ಈ ಕ್ಷೇತ್ರಕ್ಕೆ ಕಾಲಿಡುವ ಪ್ರತಿಯೊಬ್ಬರೂ ಮಾಡಬೇಕಾದ ತೀರ್ಮಾನವೇ.

ಪ್ರತಿವರ್ಷ ಫಲಿತಾಂಶ ಬಂದ ಮೇಲೆ ಕೇಳಿಬರುವ ಮಾತು ನಿಮಗೂ ಗೊತ್ತು. ತಂದೆ ತಾಯಿ ಕೇಳುತ್ತಾರೆ: ‘ಅನಿಮೇಷನ್ ಓದಿಸಿದರೆ ಕೆಲಸ ಸಿಗುತ್ತದಾ ಸಾರ್?’ ಮಕ್ಕಳು ತಂತ್ರಾಂಶದ ಹೆಸರು ಹಿಡಿದು ಕೇಳುತ್ತಾರೆ: ‘ಮಾಯಾ ಕಲೀಲಾ, ಬ್ಲೆಂಡರ್ ಕಲೀಲಾ?’ ಕೇಳಬೇಕಾದ ಪ್ರಶ್ನೆ ಇವೆರಡರ ನಡುವೆ ಜಾರಿಹೋಗುತ್ತದೆ. ಈ ಉದ್ಯಮದಲ್ಲಿ ನೀನು ಯಾವ ಕೆಲಸ ಮಾಡುತ್ತೀಯಪ್ಪಾ, ಯಾವುದರಲ್ಲಿ ನಿನ್ನ ಕೈ ಪಳಗಬೇಕು ಅಂತೀಯಾ ಎಂದು ಮಗುವನ್ನು ಕೂರಿಸಿಕೊಂಡು ಕೇಳುವವರು ಕಡಿಮೆ.

ಏಕೆಂದರೆ ‘ಅನಿಮೇಟರ್’ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ಹತ್ತಾರು ಬೇರೆ ಬೇರೆ ಕಸುಬುಗಳನ್ನು. ಕಥೆಯನ್ನು ಸ್ಟೋರಿಬೋರ್ಡಿಗೆ ಇಳಿಸುವವರು ಒಬ್ಬರು. ಪಾತ್ರದ ಆಕಾರ ಕಟ್ಟುವ ಮಾಡೆಲರ್ ಇನ್ನೊಬ್ಬರು. ಆ ಆಕಾರದೊಳಗೆ ಎಲುಬು, ಕೀಲು ಇಟ್ಟು ಅದು ಮಡಚುವಂತೆ, ತಿರುಗುವಂತೆ ಮಾಡುವವರು ರಿಗ್ಗರ್. ಚರ್ಮ, ಬಟ್ಟೆ, ತುಕ್ಕು ಹಿಡಿದ ಕಬ್ಬಿಣ ಇವಕ್ಕೆಲ್ಲ ಮೇಲ್ಮೈ ಕೊಡುವವರು, ಬೆಳಕು ಕೂರಿಸುವವರು, ನೀರು ಹೊಗೆ ಬೆಂಕಿ ಎಬ್ಬಿಸುವವರು, ಕೊನೆಗೆ ಎಲ್ಲ ಪದರಗಳನ್ನೂ ಒಂದೇ ಚಿತ್ರವಾಗಿ ಬೆಸೆಯುವ ಕಾಂಪೋಸಿಟರ್. ನಡುವೆ ಎಲ್ಲೋ ಒಬ್ಬರು, ಪಾತ್ರವನ್ನು ನಿಜವಾಗಿ ನಡೆಸುವವರು, ಅಳಿಸುವವರು, ನಗಿಸುವವರು. ಕಟ್ಟುನಿಟ್ಟಾಗಿ ಹೇಳಿದರೆ ಅನಿಮೇಟರ್ ಅಂದರೆ ಅವರೊಬ್ಬರೇ. ದೊಡ್ಡ ಸ್ಟುಡಿಯೋದಲ್ಲಿ ಇವರೆಲ್ಲ ಬೇರೆ ಬೇರೆ ವಿಭಾಗ. ಸಂದರ್ಶನಕ್ಕೆ ಹೋಗಿ ‘ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ’ ಎಂದವರಿಗೆ ಅಲ್ಲಿ ಕುರ್ಚಿ ಸಿಗುವುದು ಕಷ್ಟ.

ರವಿಶಂಕರ್ ಅವರಿಗೂ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಹತ್ತನೆಯ ವಯಸ್ಸಿನಲ್ಲಿ, 1930ರಲ್ಲಿ, ಅಣ್ಣ ಉದಯಶಂಕರರ ನೃತ್ಯ ತಂಡದ ಜೊತೆ ಕಾಶಿ ಬಿಟ್ಟು ಪ್ಯಾರಿಸ್ಸಿಗೆ ಹೋದರು. ಕುಣಿದರು, ಹಲವು ವಾದ್ಯಗಳಿಗೆ ಕೈ ಹಚ್ಚಿದರು, ಯುರೋಪ್ ಅಮೆರಿಕ ಸುತ್ತಿದರು. ಚಪ್ಪಾಳೆಗೆ ಬರವಿರಲಿಲ್ಲ. 1935ರಲ್ಲಿ ಮೈಹರ್ ಆಸ್ಥಾನದ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಆ ತಂಡದೊಂದಿಗೆ ಪ್ರವಾಸ ಬಂದರು. ಹುಡುಗನಲ್ಲಿ ಶಕ್ತಿ ಇರುವುದನ್ನು ಕಂಡರು. ಆದರೆ ಅವರು ಒಡ್ಡಿದ ಷರತ್ತು ಖಡಾಖಂಡಿತವಾಗಿತ್ತು: ಕಲಿಯಬೇಕಾದರೆ ತಿರುಗಾಟ ಬಿಟ್ಟು ಮೈಹರಿಗೆ ಬಂದು ಕೂರಬೇಕು. 1938ರಲ್ಲಿ ರವಿಶಂಕರ್ ನೃತ್ಯಕ್ಕೆ ಕೈಮುಗಿದು ಆ ಚಿಕ್ಕ ಊರಿಗೆ ಹೋದರು. 1944ರವರೆಗೆ ಗುರುವಿನ ಮನೆ, ಸಿತಾರ್, ಸಾಧನೆ. ಆಮೇಲೆ ಬಂದದ್ದೆಲ್ಲ ಆ ವರ್ಷಗಳ ಬೆನ್ನಿಗೆ ಬಂದದ್ದು: ಆಕಾಶವಾಣಿಯ ವಾದ್ಯವೃಂದ, 1955ರ ‘ಪಥೇರ್ ಪಾಂಚಾಲಿ’ಯ ಸಂಗೀತ, ಜಗತ್ತಿನ ವೇದಿಕೆಗಳು.

ಹದಿನೆಂಟರಲ್ಲಿ ಒಂದೇ ವಾದ್ಯ ಆರಿಸಿಕೊಂಡದ್ದರಿಂದ ಅವರ ದಾರಿ ಕಿರಿದಾಯಿತೇ? ಇದಕ್ಕೆ ಉತ್ತರ 1957ರ ಒಂದು ಕಿರುಚಿತ್ರದಲ್ಲಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋಡ್ ಜುಟ್ರಾ ಮಾಡಿದ ‘ಎ ಚೇರಿ ಟೇಲ್’. ಸುಮಾರು ಹತ್ತು ನಿಮಿಷದ ಚಿತ್ರ, ಮಾತಿಲ್ಲ. ಯುವಕನೊಬ್ಬ ಪುಸ್ತಕ ಹಿಡಿದು ಕುರ್ಚಿಯ ಮೇಲೆ ಕೂರಲು ಬರುತ್ತಾನೆ, ಕುರ್ಚಿ ಕೂರಗೊಡುವುದಿಲ್ಲ. ಜಾರಿಕೊಳ್ಳುತ್ತದೆ, ಓಡುತ್ತದೆ, ಮುನಿಸಿಕೊಳ್ಳುತ್ತದೆ. ಕೊನೆಗೆ ಅವನು ಒಂದು ಸಲ ಕುರ್ಚಿಯನ್ನೇ ತನ್ನ ಮೇಲೆ ಕೂರಲು ಬಿಟ್ಟ ಮೇಲೆಯೇ ರಾಜಿ. ಇದಕ್ಕೆ ಸಂಗೀತ ರವಿಶಂಕರ್ ಮತ್ತು ತಬಲಾದ ಚತುರ್ ಲಾಲ್ ಅವರದು. ಬಂಗಾಲಿ ಟೋಲಾ ಶಾಲೆಯ ಹುಡುಗ ಅನಿಮೇಷನ್‌ಗೆ ಬಂದ ದಾರಿ ಇದು. ಸಿತಾರಿನಲ್ಲಿ ಆಳಕ್ಕೆ ಇಳಿದಿದ್ದರಿಂದಲೇ ದೂರದ ಕೆನಡಾದವರು ಅವರನ್ನು ಕೇಳಿದರು.

ಅನಿಮೇಷನ್ ಓದುವವರು ಈ ಚಿತ್ರವನ್ನು ಒಮ್ಮೆಯಲ್ಲ, ಹತ್ತು ಸಲ ನೋಡಬೇಕು. ಕುರ್ಚಿಗೆ ಕಣ್ಣಿಲ್ಲ, ಹುಬ್ಬಿಲ್ಲ, ಬಾಯಿಲ್ಲ. ಇರುವುದು ನಾಲ್ಕು ಕಾಲು, ಒಂದು ಬೆನ್ನು. ಆದರೂ ಅದು ಯಾವಾಗ ಹೆದರಿತು, ಯಾವಾಗ ಹಟ ಹಿಡಿಯಿತು, ಯಾವಾಗ ನಾಚಿತು ಎಂದು ಮಗುವಿಗೂ ತಿಳಿಯುತ್ತದೆ. ಚಲಿಸುವ ಮೊದಲು ಅದು ಎಷ್ಟು ಹೊತ್ತು ತಡೆಯುತ್ತದೆ, ಎಷ್ಟು ವಾಲುತ್ತದೆ, ನಿಂತ ಮೇಲೆ ಎಷ್ಟು ನಡುಗುತ್ತದೆ ಎಂಬುದರಲ್ಲೇ ಭಾವ ಇದೆ. ಇವತ್ತಿನ 3ಡಿ ಅನಿಮೇಟರ್ ಕಂಪ್ಯೂಟರಿನಲ್ಲಿ ಮಾಡುವುದೂ ಇದನ್ನೇ. ತಂತ್ರಾಂಶ ಬದಲಾಗಿದೆ, ಕೆಲಸದ ಹೂರಣ ಬದಲಾಗಿಲ್ಲ.

ಅದೇ ಬಂಗಾಲಿ ಟೋಲಾದಲ್ಲಿ ಪುರಾನಾ ದುರ್ಗಾಬಾಡಿ ಎಂಬ ಮನೆಯಿದೆ. 1767ರದ್ದೆಂದು ಹೇಳುವ ಮಣ್ಣಿನ ದುರ್ಗೆ ಅಲ್ಲಿ ವಿಸರ್ಜನೆಯಾಗದೆ ಇಂದಿಗೂ ಪೂಜೆಗೊಳ್ಳುತ್ತಿದ್ದಾಳೆ. ಬಂಗಾಳಿ ಮೂರ್ತಿಕಾರರು ದುರ್ಗೆಯನ್ನು ಕಟ್ಟುವ ಕ್ರಮವನ್ನು ನೋಡಿದರೆ 3ಡಿ ಕಲಿಸುವ ಪಾಠವೇ ಕಣ್ಣಿಗೆ ಕಟ್ಟುತ್ತದೆ. ಮೊದಲು ಬಿದಿರಿನ ಚೌಕಟ್ಟು. ಅದರ ಮೇಲೆ ಹುಲ್ಲನ್ನು ಸುತ್ತಿ ಸೆಣಬಿನ ಹುರಿಯಿಂದ ಬಿಗಿದು ಮೈ ಮಾಡುತ್ತಾರೆ. ಆಮೇಲೆ ಹೊಟ್ಟು ಬೆರೆಸಿದ ಒರಟು ಮಣ್ಣು, ಒಣಗಿ ಬಿರುಕು ಬಿಟ್ಟಲ್ಲಿ ಬಟ್ಟೆಯ ಪಟ್ಟಿ, ಮೇಲೆ ನಯವಾದ ಮಣ್ಣು, ಬಿಳಿ ಲೇಪ, ಬಣ್ಣ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಜನ ಬೆರಗಾಗುವುದು ಕಣ್ಣಿಗೆ. ಆದರೆ ಮಹಿಷನ ಮೇಲೆ ಕಾಲೂರಿ ನಿಂತ ದೇವಿಯ ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎಷ್ಟು ಬಳುಕಿದೆ ಎಂಬುದು ಹುಲ್ಲಿನ ಹಂತದಲ್ಲೇ ತೀರ್ಮಾನವಾಗಿರುತ್ತದೆ. ಅಲ್ಲಿ ತಪ್ಪಿದರೆ ಎಂಥ ಬಣ್ಣವೂ ಕಾಪಾಡುವುದಿಲ್ಲ. ನಮ್ಮ ಮಕ್ಕಳು ಮೊದಲ ತಿಂಗಳೇ ಕಣ್ಣು ಬರೆಯಲು ಹೊರಡುತ್ತಾರೆ. ಚರ್ಮದ ಹೊಳಪು, ಕೂದಲು, ಮಳೆಯಲ್ಲಿ ನೆನೆದ ರೋಬೋಟ್. ನಿಂತ ಪಾತ್ರಕ್ಕೆ ಮೈಭಾರವೇ ಇರುವುದಿಲ್ಲ.

ಇನ್ನು ಕೆಲಸದ ಮಾತು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಅನ್ಯಾಯ. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ದೇಶದಲ್ಲಿ ಅದೇ ಮೊದಲು. ಚಿತ್ರಕಲಾ ಶಾಲೆಗಳಲ್ಲಿ ಡಿಜಿಟಲ್ ಕಲಾ ಕೇಂದ್ರ ತೆರೆಯುವುದು ಅದರ ಒಂದು ಭಾಗವಾಗಿತ್ತು. ಹಾಲಿವುಡ್ಡಿನ ದೊಡ್ಡ ಚಿತ್ರಗಳ ಕೆಲಸ ಬೆಂಗಳೂರಿಗೆ ಬಂತು. ಆದರೆ 2025ರ ಫೆಬ್ರವರಿಯಲ್ಲಿ ವಿಷುಯಲ್ ಎಫೆಕ್ಟ್ಸ್ ಕ್ಷೇತ್ರದ ಟೆಕ್ನಿಕಲರ್ ಸಮೂಹ ಕುಸಿದಾಗ ಭಾರತದಲ್ಲಿ ಸಾವಿರಾರು ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು; ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದವರು. 2013ರ ಫೆಬ್ರವರಿಯಲ್ಲೂ ಇಂಥದ್ದೇ ನಡೆದಿತ್ತು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಆ ತಿಂಗಳು ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಆ ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಅಂದರೆ ಕೆಲಸ ಚೆನ್ನಾಗಿದ್ದ ಮಾತ್ರಕ್ಕೆ ಸಂಸ್ಥೆ ಉಳಿಯುತ್ತದೆಂಬ ಭರವಸೆ ಇಲ್ಲ. ‘ಇಂಥ ಕಂಪನಿಗೆ ಸೇರುತ್ತೇನೆ’ ಎಂಬುದನ್ನೇ ಗುರಿಯಾಗಿಟ್ಟುಕೊಂಡ ಯೋಜನೆ ಆ ಕಂಪನಿಯ ಜೊತೆಗೇ ಮುಳುಗುತ್ತದೆ. ಕೈಯಲ್ಲಿ ಗಟ್ಟಿ ಕಸುಬಿದ್ದವರಿಗೆ ಆಗಲೂ ನೋವಾಗುತ್ತದೆ, ಇಎಂಐ ನಿಲ್ಲುವುದಿಲ್ಲ, ಸುಳ್ಳು ಹೇಳಬಾರದು. ಆದರೆ ಬೇರೆ ಬಾಗಿಲು ತಟ್ಟಲು ಅವರ ಬಳಿ ಏನಾದರೂ ಇರುತ್ತದೆ.

ಕೆಳಹಂತದ ಕೆಲಸಗಳೂ ಹಾಗೆಯೇ. ಹೊಸಬರಲ್ಲಿ ಅನೇಕರಿಗೆ ಮೊದಲು ಸಿಗುವುದು ರೋಟೊ. ನಟಿಯ ಅಂಚಿನ ಸುತ್ತ ಫ್ರೇಮಿನಿಂದ ಫ್ರೇಮಿಗೆ ಗೆರೆ ಕೂರಿಸಿ ಹಿನ್ನೆಲೆಯಿಂದ ಬಿಡಿಸುವ ಕೆಲಸ. ಗಾಳಿಗೆ ಹಾರುವ ಮುಂಗುರುಳಿದ್ದರೆ ಇಡೀ ದಿನ ಅದೇ. ಶಿಸ್ತು ಕಲಿಸುವ ಕೆಲಸ ಎಂಬುದು ನಿಜ. ಆದರೆ ಕೃತಕ ಬುದ್ಧಿಮತ್ತೆ ಮೊದಲು ಕೈ ಹಾಕುತ್ತಿರುವುದೂ ಇಂಥ ಕೆಲಸಗಳಿಗೇ. ಅಲ್ಲಿ ಕಾಲೂರಿ, ಅಲ್ಲಿಂದ ಮೇಲೆ ಯಾವ ಕಸುಬಿನ ಕಡೆ ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಹಾಗೆಂದು ಈ ಕ್ಷೇತ್ರಕ್ಕೆ ಬರಬೇಡಿ ಎನ್ನಲು ನನಗೆ ಮನಸ್ಸಿಲ್ಲ. ಇಷ್ಟು ಒಳ್ಳೆಯ ಕಾಲ ಹಿಂದೆ ಇರಲಿಲ್ಲ ಎಂದೇ ನನ್ನ ನಂಬಿಕೆ. 1956ರಲ್ಲಿ ಅನಿಮೇಟರ್ ರಾಮ್ ಮೋಹನ್ ರಸಾಯನಶಾಸ್ತ್ರದ ಓದು ಬಿಟ್ಟು ಮುಂಬೈಯ ಫಿಲ್ಮ್ಸ್ ಡಿವಿಷನ್ ಸೇರಿದಾಗ ದೇಶದಲ್ಲಿ ಅನಿಮೇಷನ್ ಕಲಿಯಬೇಕೆಂದರೆ ಬೇರೆ ದಾರಿಗಳು ಇಲ್ಲವೆನ್ನುವಷ್ಟು ಕಡಿಮೆ ಇದ್ದವು. ಡಿಸ್ನಿಯ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ಕಲಿಸಿದ್ದು ಅವರ ಭಾಗ್ಯ. ಈಗ? 2002ರಿಂದ ಮುಕ್ತ ತಂತ್ರಾಂಶವಾಗಿರುವ ಬ್ಲೆಂಡರನ್ನು ಶಿರಸಿಯ ಹುಡುಗಿಯೂ ರಾಯಚೂರಿನ ಹುಡುಗನೂ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೊಡಿಸ್ ಇದೇ ಬ್ಲೆಂಡರಿನಲ್ಲಿ, ಒಂದು ಬೆಕ್ಕಿನ ಕಥೆಯನ್ನು ಮಾತೇ ಇಲ್ಲದೆ ‘ಫ್ಲೋ’ ಎಂಬ ಚಿತ್ರವಾಗಿಸಿದರು. ಸಣ್ಣ ತಂಡ. 2025ರಲ್ಲಿ ಅದಕ್ಕೆ ಆಸ್ಕರ್ ಬಂತು. ಅದೇ ವರ್ಷದ ಜುಲೈಯಲ್ಲಿ ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ 3ಡಿ ಅನಿಮೇಷನ್ ಚಿತ್ರ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಿಡುಗಡೆಯಾಗಿ ಚಿತ್ರಮಂದಿರಗಳನ್ನು ತುಂಬಿಸಿತು. ಭಾರತದ ಪ್ರೇಕ್ಷಕ ಅನಿಮೇಷನ್‌ಗೆ ದುಡ್ಡು ಕೊಟ್ಟು ಬರುವುದಿಲ್ಲ ಎಂಬ ಹಳೆಯ ಮಾತು ಅಲ್ಲಿಗೆ ಮುಗಿಯಿತು.

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದ್ದೇನು? ಮೊದಲ ವರ್ಷ ಎಲ್ಲ ಕಸುಬುಗಳ ರುಚಿ ನೋಡಲಿ, ತಪ್ಪಿಲ್ಲ. ರವಿಶಂಕರ್ ಅವರೂ ಎಂಟು ವರ್ಷ ಹಾಗೇ ಸುತ್ತಿದವರು. ಎರಡನೆಯ ವರ್ಷದ ಹೊತ್ತಿಗೆ ಒಂದನ್ನು ಹಿಡಿಯಲಿ. ಊಟದ ಹೊತ್ತು ಮರೆಸುವ ಕೆಲಸ ಯಾವುದು ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಪಾತ್ರಕ್ಕೆ ಜೀವ ಕೊಡುವುದಾದರೆ ಪುಟಿಯುವ ಚೆಂಡು, ನಡಿಗೆ, ಭಾರ ಎತ್ತುವ ಮೈ. ಇವನ್ನೇ ನೂರು ಸಲ ಮಾಡಲಿ. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತು ಮೂಟೆ ಹೊತ್ತವರು ಹೇಗೆ ತಿರುಗುತ್ತಾರೆ, ಮಂಡಿನೋವಿನ ಅಜ್ಜಿ ಮೆಟ್ಟಿಲು ಹೇಗೆ ಹತ್ತುತ್ತಾರೆ ಎಂದು ಗೀಚಿಕೊಳ್ಳಲಿ. ರಿಗ್ಗಿಂಗ್ ಹಿಡಿಸಿದವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲೇಬೇಕು. ಬೆಳಕಿನವರು ಮುಸ್ಸಂಜೆ ಹೊತ್ತು ಹೊರಗೆ ನಿಂತು ನೆರಳಿನ ಬಣ್ಣ ನೋಡಲಿ.

ಕೆಲಸ ಕೇಳಲು ಹೋದಾಗ ತೋರಿಸುವ ಶೋರೀಲ್ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಹತ್ತು ಸೆಕೆಂಡಿಗೆ 240. ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದನ್ನು ಅಂತಿಮ ಚಿತ್ರವಾಗಿ ಮೂಡಿಸಲು, ಅರ್ಧ ಗಂಟೆ ಹಿಡಿದರೆ ಮನೆಯ ಒಂದು ಕಂಪ್ಯೂಟರಿನಲ್ಲಿ 120 ಗಂಟೆ, ಅಂದರೆ ಐದು ಹಗಲು ಐದು ರಾತ್ರಿ. ನಡುವೆ ಕರೆಂಟ್ ಹೋಗದಿದ್ದರೆ! ಕೊನೆಯ ಸೆಮಿಸ್ಟರಿನಲ್ಲಿ ಐದು ನಿಮಿಷದ ಮಹಾಕಾವ್ಯಕ್ಕೆ ಕೈ ಹಾಕಿ ಅರ್ಧಕ್ಕೆ ಬಿಟ್ಟ ಮಕ್ಕಳಲ್ಲಿ ಪ್ರತಿಭೆಗೆ ಕೊರತೆಯಿರುವುದಿಲ್ಲ, ಈ ಗುಣಾಕಾರವನ್ನು ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ. ಒಂದು ನಿಮಿಷದ ರೀಲ್ ಸಾಕು. ಅದರಲ್ಲಿ ಅತ್ಯುತ್ತಮವಾದದ್ದು ಮೊದಲು ಬರಲಿ, ಸಾಧಾರಣವಾದದ್ದು ಬರುವುದೇ ಬೇಡ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ತನ್ನ ಪಾಲು ಯಾವುದೆಂದು ಪ್ರಾಮಾಣಿಕವಾಗಿ ಬರೆದಿರಲಿ.

ಇನ್ನು ತಂದೆ ತಾಯಿಯರಲ್ಲಿ ಒಂದು ವಿನಂತಿ. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಯಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಗೋಡೆಯ ಮೇಲಿನ ಹಾಲಿವುಡ್ ಪೋಸ್ಟರುಗಳನ್ನು ಬಿಟ್ಟು, ಕಳೆದ ವರ್ಷ ಹೊರಬಿದ್ದ ಮಕ್ಕಳ ರೀಲ್ ತೋರಿಸಿ ಎಂದು ಕೇಳಿ. ಕಲಿಸುವವರು ಯಾವ ಚಿತ್ರಕ್ಕೆ ಯಾವ ಕೆಲಸ ಮಾಡಿದ್ದಾರೆಂದು ಕೇಳಿ. ಒಳ್ಳೆಯ ಗುರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಚಿತ್ರ ಬರೆಸುತ್ತೀರಿ ಎಂದೂ ಕೇಳಿ. ಪೆನ್ಸಿಲ್ ಹಿಡಿಸದೆ ನೇರ ಕಂಪ್ಯೂಟರ್ ಮುಂದೆ ಕೂರಿಸುತ್ತೇವೆ ಎನ್ನುವ ಸಂಸ್ಥೆಗೆ ನಿಮ್ಮ ಮಗುವಿನ ಮೂರು ವರ್ಷವನ್ನು ಕೊಡಬೇಡಿ.