ಜಲಗಾಲನ ಮತ್ತು ಹಿಂಸಾದಾನ

ನೀರನ್ನು ಸೋಸಿ ಬಳಸುವುದು ಶ್ರಾವಕನ ನಿತ್ಯಾಚಾರಗಳಲ್ಲಿ ಒಂದು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸುವುದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅವು ಬಂದ ಜಲಾಶಯಕ್ಕೇ ಮರಳಿ ಬಿಡುವುದು ಜಲಗಾಲನದ ಕ್ರಮ. ಇದರ ಮೊದಲ ಉದ್ದೇಶ ಜೀವರಕ್ಷಣೆ; ಕುಡಿಯುವವನ ಆರೋಗ್ಯ ಅದರೊಡನೆ ಒದಗಿಬಂದ ಲಾಭ. ಆದರೆ ನೀರಿನಲ್ಲಿ ಕರಗಿದ ವಿಷವನ್ನು ಬಟ್ಟೆ ತಡೆಯದು. ಅದನ್ನು ತಡೆಯಬೇಕಾದ ಸ್ಥಳ ಕೊಡದ ಬಾಯಿಯಲ್ಲ, ಹೊಲದ ಬದು. ಹಾಗಿದ್ದಲ್ಲಿ ಜಲಗಾಲನದ ನಿಯಮ ಎಲ್ಲಿಂದ ಆರಂಭವಾಗಬೇಕು?

ಸಿಂಧನೂರು ತಾಲೂಕಿನ ದಢೇಸುಗೂರಿನಲ್ಲಿ ಈ ಪ್ರಶ್ನೆ ಬರಿಯ ಶಾಸ್ತ್ರಚರ್ಚೆಯಲ್ಲ. ತುಂಗಭದ್ರೆಯ ದಡದ ಈ ಊರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಸುತ್ತಲೂ ಎಡದಂಡೆ ಕಾಲುವೆಯ ಗದ್ದೆಗಳಿವೆ. ಜಲಾಶಯದ ಯೋಜನೆಯಲ್ಲಿ ಈ ಸೀಮೆಯ ಬಹುಭಾಗಕ್ಕೆ ಮಿತನೀರಾವರಿಯ ಬೆಳೆಗಳನ್ನು ನಿಗದಿಪಡಿಸಲಾಗಿತ್ತು, ಬೆಳೆದದ್ದು ಭತ್ತ. ಭತ್ತದೊಡನೆ ಕಾಂಡಕೊರಕ, ಕಂದು ಜಿಗಿಹುಳುಗಳು ಬಂದವು, ಅವುಗಳ ಹಿಂದೆ ಕೀಟನಾಶಕ ಬಂದಿತು. ಆಡುಮಾತಿನಲ್ಲಿ ಅದು ‘ಎಣ್ಣೆ’, ಅಂಗಡಿಯಲ್ಲಿ ‘ಔಷಧ’. ವಿಷಕ್ಕೆ ಔಷಧವೆಂಬ ಹೆಸರು ಬಂದಾಗ ಕೈ ನಡುಗುವುದಿಲ್ಲ. ಗದ್ದೆಯಿಂದ ಬಸಿದ ನೀರು ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ ಸೇರುತ್ತದೆ. ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಬೇಸಿಗೆಯಲ್ಲಿ ಕುಡಿಯುವ ಊರುಗಳು ಈ ಸೀಮೆಯಲ್ಲಿವೆ.

ಇಂತಹ ವಿಷವು ಮನುಷ್ಯದೇಹಕ್ಕೆ ಏನು ಮಾಡಬಲ್ಲದೆಂಬುದಕ್ಕೆ ಕನ್ನಡಿಗರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ತಗ್ಗಿನಲ್ಲಿ ಮನೆ, ಬಾವಿ, ತೋಡು. ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿಳಿಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವಿಕಲತೆ, ಕ್ಯಾನ್ಸರ್ ಇವೆಲ್ಲ ಒಂದೇ ಕಡೆ ಇಷ್ಟೊಂದು ಕಾಣುತ್ತಿರುವುದೇಕೆಂದು ಕೇಳಿದರು. ಉತ್ತರಕ್ಕೆ ಬಹಳ ಕಾಲ ಹಿಡಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಕ್ಕಳ ರಕ್ತದಲ್ಲಿ ಈ ವಿಷದ ಅಂಶವನ್ನು ಕಂಡಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಸಿಂಪಡಿಸಿದವರು ಯಾವ ಮಗುವಿಗೂ ಕೇಡು ಬಯಸಿರಲಿಲ್ಲ, ರೋಗಕ್ಕೆ ಇದೇ ಕಾರಣವೆಂದು ಪೂರ್ತಿ ಸಿದ್ಧವಾಗಿಲ್ಲ ಎಂಬ ವಾದಗಳು ಆಗ ಕೇಳಿಬಂದವು. ಸಂಕಲ್ಪವಿಲ್ಲದ ಕಡೆ ಸಂಕಲ್ಪೀ ಹಿಂಸೆಯಿಲ್ಲ, ನಿಜ. ಆದರೆ ಜೈನಾಚಾರ್ಯರು ಹಿಂಸೆಯ ಮೂಲವನ್ನು ಸಂಕಲ್ಪದಲ್ಲಿ ಮಾತ್ರ ಕಾಣಲಿಲ್ಲ, ಪ್ರಮಾದದಲ್ಲಿಯೂ ಕಂಡರು. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಜೀವ ಸತ್ತರೂ ಆತನು ಹಿಂಸಕನಲ್ಲ, ಎಚ್ಚರಗೇಡಿಯಾಗಿ ನಡೆಯುವವನು ಯಾವ ಜೀವ ಸಾಯದಿದ್ದರೂ ಹಿಂಸಕನೇ ಎಂಬ ವಿಚಾರ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿದೆ. ಮೊದಲ ವರ್ಷ ತಿಳಿಯದೆ ಸಿಂಪಡಿಸಿದ್ದು ಅಜ್ಞಾನವಿರಬಹುದು. ವೈದ್ಯನೊಬ್ಬ ಪ್ರಶ್ನೆ ಕೇಳಿದ ಮೇಲೂ ಸಿಂಪಡಿಸಿದ್ದನ್ನು ಪ್ರಮಾದವೆನ್ನದೆ ಬೇರೇನೆನ್ನಬೇಕು?

ಇಲ್ಲಿ ಗೃಹಸ್ಥನ ಆಕ್ಷೇಪ ಬರುತ್ತದೆ. ಕೃಷಿಯಲ್ಲಿ ಹಿಂಸೆ ಅನಿವಾರ್ಯ, ಉದ್ಯೋಗೀ ಹಿಂಸೆಯನ್ನು ಶ್ರಾವಕನು ಪೂರ್ತಿ ಬಿಡಲಾರ, ಎಣ್ಣೆ ಹೊಡೆಯದಿದ್ದರೆ ಭತ್ತವೇ ಕೈಗೆ ಬಾರದು ಎಂದು. ಸಾಲ ಮಾಡಿ ನಾಟಿ ಮಾಡಿದ ರೈತನ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಈ ಅನಿವಾರ್ಯತೆಯನ್ನು ತೂಗಿ ನೋಡಬೇಕು. ಯೂರಿಯಾ ಹೆಚ್ಚಾದ ಗದ್ದೆಯಲ್ಲಿಯೇ ಕಂದು ಜಿಗಿಹುಳು ಹೆಚ್ಚುತ್ತದೆ. ಹೊತ್ತುಗೊತ್ತಿಲ್ಲದೆ ಸಿಂಪಡಿಸಿದ ವಿಷ ಆ ಹುಳುವನ್ನು ತಿನ್ನುವ ಜೇಡಗಳನ್ನು ಕೊಂದು, ಹುಳು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುವಂತೆ ಮಾಡುತ್ತದೆ. ನಾಟಿಯಲ್ಲಿ ಅಲ್ಲಲ್ಲಿ ಸಾಲು ಬಿಡುವುದು, ಕೆಲವು ದಿನ ನೀರು ಬಸಿಯುವುದು, ಬುಡವನ್ನು ಬಗ್ಗಿ ನೋಡಿ ಹುಳುವನ್ನು ಎಣಿಸಿದ ಮೇಲೆ ನಿರ್ಧರಿಸುವುದು ಕೃಷಿವಿಜ್ಞಾನವೇ ಹೇಳುವ ಕ್ರಮಗಳು. ಎಣಿಸದೆ ಹೊಡೆದ ವಿಷದಿಂದಾಗುವ ಹಿಂಸೆ ಉದ್ಯೋಗೀ ಹಿಂಸೆಯ ಮಿತಿಯನ್ನು ದಾಟಿ ಅನರ್ಥದಂಡವಾಗುತ್ತದೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹಿಂಸಾದಾನ ಒಂದು. ಕೊಡಲಿ, ಖಡ್ಗಗಳ ಸಾಲಿನಲ್ಲಿಯೇ ವಿಷವೂ ಇದೆ. ನೆಲವನ್ನು, ನೀರನ್ನು ಪ್ರಯೋಜನವಿಲ್ಲದೆ ಘಾಸಿಗೊಳಿಸುವ ಪ್ರಮಾದಚರ್ಯೆ ಇನ್ನೊಂದು, ಪಾಪೋಪದೇಶ ಮತ್ತೊಂದು. ಈ ಪಟ್ಟಿಯನ್ನು ಓದುವಾಗ ರೈತನಿಗಿಂತ ಮೊದಲು ವರ್ತಕನೇ ನೆನಪಾಗಬೇಕು. ಗೊಬ್ಬರ, ಕೀಟನಾಶಕಗಳ ವ್ಯಾಪಾರದಲ್ಲಿರುವವನು ಸುಗ್ಗಿಯವರೆಗೆ ಉದ್ದರಿ ಕೊಡುತ್ತಾನೆ. ಯಾವುದನ್ನು, ಎಷ್ಟು ಹೊಡೆಯಬೇಕೆಂದು ಹೇಳುವವನೂ ಬಹಳ ಕಡೆ ಅವನೇ. ಕೊಟ್ಟದ್ದು ಹಿಂಸಾದಾನ, ಹೇಳಿದ್ದು ಪಾಪೋಪದೇಶ ಆಗದಂತೆ ನೋಡಿಕೊಳ್ಳುವ ಅವಕಾಶ ಅವನ ಗಲ್ಲೆಯ ಮುಂದೆಯೇ ಇದೆ. ಅನ್ನದಾನಕ್ಕೆ ಚೀಲಗಟ್ಟಲೆ ಅಕ್ಕಿ ಕೊಳ್ಳುವ ಬಸದಿಯ ಆಡಳಿತ ಮಂಡಳಿಗಳೂ ಧಾರಣೆಯನ್ನಷ್ಟೇ ಕೇಳುತ್ತವೆ, ಆ ಭತ್ತಕ್ಕೆ ಎಷ್ಟು ಸಲ ಎಣ್ಣೆ ಹೊಡೆದಿದ್ದಾರೆಂದು ಕೇಳಿದ್ದು ಅಪರೂಪ. ಕೃತ, ಕಾರಿತ, ಅನುಮೋದನೆಗಳಲ್ಲಿ ಕೊಳ್ಳುವವನ ಪಾಲು ಯಾವುದೆಂಬುದನ್ನು ಮುಂದಿನ ಖರೀದಿಯ ಮೊದಲು ಸಭೆಯಲ್ಲಿ ಚರ್ಚಿಸಬಹುದು.