ತುದಿಯಲ್ಲಿ ಯಾರಿದ್ದಾರೆ?

ಕಟ್ಟಡದ ಎತ್ತರವನ್ನು ಎಲ್ಲಿಯವರೆಗೆ ಅಳೆಯಬೇಕು? ಮನುಷ್ಯನು ಕಾಲಿಡಬಲ್ಲ ಕೊನೆಯ ಅಂತಸ್ತಿನವರೆಗೋ, ಅದರ ಮೇಲೆ ನೆಟ್ಟ ಕಬ್ಬಿಣದ ಕಂಬದವರೆಗೋ? ಇದು ಇಂಜಿನಿಯರುಗಳ ತಕರಾರೆಂದು ತಳ್ಳಿಹಾಕಬೇಡಿ.

1929ರಲ್ಲಿ ನ್ಯೂಯಾರ್ಕಿನ ಇಬ್ಬರು ವಾಸ್ತುಶಿಲ್ಪಿಗಳು ಪೈಪೋಟಿಗಿಳಿದಿದ್ದರು. ಹಿಂದೊಮ್ಮೆ ಅವರು ಪಾಲುದಾರರು! ಸೆವರೆನ್ಸ್ ವಾಲ್ ಸ್ಟ್ರೀಟಿನಲ್ಲಿ 283 ಮೀಟರಿನ ಕಟ್ಟಡವನ್ನು ಏರಿಸುತ್ತಿದ್ದರು. ವ್ಯಾನ್ ಅಲೆನ್ ಕ್ರೈಸ್ಲರ್ ಕಟ್ಟಡದ ಒಡಲೊಳಗೆ ಸುಮಾರು 56 ಮೀಟರಿನ ಉಕ್ಕಿನ ಶಿಖರವನ್ನು ಗುಟ್ಟಾಗಿ ಜೋಡಿಸಿಟ್ಟು, ಅಕ್ಟೋಬರ್ 23ರಂದು ಮೇಲೆತ್ತಿಸಿದರು. ಎತ್ತರ 319 ಮೀಟರಾಯಿತು. ಮರುದಿನವೇ ಅದೇ ಊರಿನ ಶೇರುಪೇಟೆ ಕುಸಿಯತೊಡಗಿತು. 1931ರ ಮೇ ತಿಂಗಳಲ್ಲಿ 381 ಮೀಟರಿನ ಎಂಪೈರ್ ಸ್ಟೇಟ್ ಕಟ್ಟಡ ತೆರೆದಾಗ ಕ್ರೈಸ್ಲರಿನ ಗೆಲುವೂ ಮುಗಿಯಿತು.

ಇದರಿಂದ ಯಾರಿಗೂ ಅನ್ಯಾಯವಾಗಲಿಲ್ಲವಲ್ಲ ಎನ್ನುವಿರಾ? ನಿಜ, ಕಾನೂನು ಮುರಿಯಲಿಲ್ಲ. ಆ ಶಿಖರ ಸುಂದರವೂ ಹೌದು. ಆದರೆ ಅದು ಯಾರಿಗೂ ನೆರಳಾಗಲಿಲ್ಲ, ಒಬ್ಬನಿಗೂ ಕೋಣೆಯಾಗಲಿಲ್ಲ. ಇನ್ನೊಬ್ಬನು ಕೆಳಗಿರಬೇಕು ಎಂಬುದೇ ಅದರ ಕೆಲಸ.

ಎತ್ತರವೇ ತಪ್ಪೆಂದು ನಾನು ಹೇಳಲಾರೆ. ಢಾಕಾದಲ್ಲಿ ಹುಟ್ಟಿದ ಫಝ್ಲುರ್ರಹ್ಮಾನ್ ಖಾನ್‌ರನ್ನು ನೋಡಿ. ಒಂಬತ್ತು ಚೌಕ ಕೊಳವೆಗಳನ್ನು ಒಂದು ಕಟ್ಟಾಗಿ ಬಿಗಿದಂತೆ ರಚಿಸಿದರೆ ಗೋಪುರವು ಗಾಳಿಗೆ ಜಗ್ಗದು, ಉಕ್ಕೂ ಉಳಿಯುತ್ತದೆ ಎಂದು ಅವರು ತೋರಿಸಿದರು. ಚಿಕಾಗೋದ 442 ಮೀಟರಿನ ಸಿಯರ್ಸ್ ಟವರ್ (2009ರಿಂದ ವಿಲ್ಲಿಸ್ ಟವರ್) ನಿಂತಿರುವುದು ಆ ಲೆಕ್ಕದ ಮೇಲೆ. ದುಂದಿಲ್ಲದೆಯೂ ಎತ್ತರಕ್ಕೇರಬಹುದು.

ಆ ಗೋಪುರದ ಪಟ್ಟವನ್ನು 2013ರಲ್ಲಿ ಕಸಿದುಕೊಂಡದ್ದೂ ಒಂದು ಕಂಬವೇ. ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರಿನ ಮಾಳಿಗೆ ಇರುವುದು 417 ಮೀಟರಿನಲ್ಲಿ. ಮೇಲಿನ ಕಂಬ ಬರಿಯ ಆಂಟೆನಾ ಅಲ್ಲ, ಶಿಖರವೇ ಎಂದು ತಜ್ಞರ ಸಮಿತಿ ತೀರ್ಪಿತ್ತಿತು. ಎತ್ತರ 541 ಮೀಟರಾಯಿತು!

ಇನ್ನು ಎಂಪೈರ್ ಸ್ಟೇಟಿನ ತುದಿ. ಅಲ್ಲಿ ಆಕಾಶನೌಕೆಗಳನ್ನು ಕಟ್ಟುತ್ತೇವೆಂದು ಅದರ ಒಡೆಯರು ಸಾರಿದ್ದರು. ಗಾಳಿಯ ಹೊಡೆತಕ್ಕೆ ಆ ಯೋಜನೆ ನಡೆಯಲಿಲ್ಲ. ಅದು ಎತ್ತರಕ್ಕೆ ಹುಡುಕಿದ ನೆಪವೆಂದೇ ನನಗನಿಸುತ್ತದೆ. ಮುಂದೆ ಅದೇ ತುದಿಯಿಂದ ರೇಡಿಯೋ, ಟಿ.ವಿ.ಗಳ ಪ್ರಸಾರ ಲಕ್ಷಾಂತರ ಮನೆಗಳನ್ನು ತಲಪಿತು. ಬಂದ ಪ್ರಯೋಜನವು ಮೊದಲಿನ ನಿಯ್ಯತ್ತನ್ನು ತೊಳೆಯಬಲ್ಲದೇ? ನಿಮ್ಮ ಮನೆಯ ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸುವ ಮುನ್ನ, ಅದರಲ್ಲಿ ಯಾರು ಮಲಗುವರೆಂದು ಎಣಿಸಿ ನೋಡಿದ್ದೀರಾ?